ಮುಗಿಲು ಅಂದ್ರ ಮುಗಿಲು

ಕಾಕು ತೀರಿಕೊಂಡರು ಅಂತ ಅವರ ತಮ್ಮನ ಮಗಳು ಫೋನು ಮಾಡಿದಾಗ ನಾನು ಪುಣೆಯ ಹಿಂಜವಾಡಿಯ ಟ್ರಾಫಿಕ್ಕಿನಲ್ಲಿ ಕ್ಯಾಬಿನೊಳಗೆ ಸಿಕ್ಕಿಬಿದ್ದಿದ್ದೆ. "ಹದಿಮೂರನೇ ದಿನಕ್ಕ ನೀವು ಬರಬೇಕ್ರಿ. ಆತ್ಯಾನ ಬಗ್ಗೆ ಕನ್ನಡದಾಗ ಎರಡು ಮಾತು ಹೇಳ್ರಿ. ನಾವೆಲ್ಲಾ ಮರಾಠಿ ಶಾಳೇದಾಗ ಕಲತವ್ರು. ನಾಕು ಮಂದಿ ಮುಂದ ಮಾತಾಡೂ ಅಷ್ಟು ಕನ್ನಡ ನಮಗ ಬರಂಗಿಲ್ಲ" ಎಂದಳು. ಆಗಲಿ ಎಂದೆ. ಸೋದರತ್ತೆಯನ್ನು ಆ ಮನೆಯಲ್ಲಿ ಆತ್ಯಾ ಅನ್ನುತ್ತಾರೆ. ಆಫೀಸಿನಲ್ಲಿ ನಮಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ. ನಮ್ಮ ಮಂಡ್ಯದ ಕಡೆ ಕಾಕು ಅಂದರೆ ಚುಚ್ಚುವ ದನಿ. ಎರಡು ಅರ್ಥವೂ ಅವರಿಗೆ ಸರಿಯಾಗಿ ಹೊಂದುತ್ತಿತ್ತು.

ಹೋದೆ. ಊಟಕ್ಕೆ ಮುಂಚೆ ಎದ್ದು ನಿಂತು, ಭಾಷೆಯ ವಿಷಯದಲ್ಲಿ ಅವರು ಬಹಳ ನಿಷ್ಠುರರಾಗಿದ್ದರು ಅಂತ ಒಂದು ಮಾತು ಹೇಳಿ ಕೂತುಬಿಟ್ಟೆ. ನಿಷ್ಠುರ ಅನ್ನುವುದು ಸತ್ತವರಿಗೆ ಕೊಡುವ ಮರ್ಯಾದೆಯ ಮಾತು. ಬದುಕಿದ್ದಾಗ ನಾನು ಮನೆಗೆ ಬಂದು ಗಂಡನ ಮುಂದೆ ಅವರ ಬಗ್ಗೆ ಬಳಸುತ್ತಿದ್ದ ಮಾತು ಬೇರೆ. "ಆ ತಲೆ ತಿನ್ನೋ ಕಾಕು ಇವತ್ತೇನು ಮಾಡಿದ್ರು ಗೊತ್ತಾ?" ಅಂತಲೇ ನಮ್ಮ ರಾತ್ರಿಯ ಊಟ ಶುರುವಾಗುತ್ತಿತ್ತು. ಅಂಥ ಮಾತನ್ನು ಹದಿಮೂರನೇ ದಿನದ ಎಲೆಯ ಮುಂದೆ ಹೇಳಲಾಗುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮದುವೆಯಾಗಿ ಪುಣೆಗೆ ಬಂದ ಹೊಸದರಲ್ಲಿ ನನಗೆ ಸದಾಶಿವ ಪೇಠದ ಒಂದು ಸಣ್ಣ ಅನುವಾದದ ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ಮೂರನೇ ಮಹಡಿ, ಎರಡು ಕೋಣೆ, ಏಳು ಜನ. ಚಾಕಣದ ಕಾರು ಕಂಪನಿಗಳ ಕೈಪಿಡಿಗಳು, ಬ್ಯಾಂಕಿನ ಫಾರ್ಮುಗಳು, ವಿಮೆಯ ಕಾಗದಗಳು ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಹೋಗಿಬರುತ್ತಿದ್ದವು. ನಾನು ಅನುವಾದ ಮಾಡಬೇಕು, ಕಾಕು ತಪಾಸಣೆ ಮಾಡಬೇಕು. ಅವರ ಸಹಿ ಬೀಳದೆ ಯಾವ ಕಾಗದವೂ ಹೊರಗೆ ಹೋಗುವಂತಿರಲಿಲ್ಲ.

ಆಗಲೇ ಅವರಿಗೆ ಅರವತ್ತು ದಾಟಿತ್ತು. ಕಡ್ಡಿಯಂಥ ಮೈ, ಹತ್ತಿಯ ಸೀರೆ, ಕಾಲಿಗೆ ಬಿಳಿ ಕ್ಯಾನ್‌ವಾಸ್ ಬೂಟು. ನಾರಾಯಣ ಪೇಠದ ಮನೆಯಿಂದ ನಡೆದೇ ಬರುತ್ತಿದ್ದರು. ಕಂಪ್ಯೂಟರಿನ ಮೇಲೆ ಓದುವುದಿಲ್ಲ, ಎಲ್ಲವನ್ನೂ ಪ್ರಿಂಟು ತೆಗೆದುಕೊಡಬೇಕು. ಓದುವಾಗ ಏನಾದರೂ ತಪ್ಪು ಕಂಡರೆ ಬಾಯಿ ಬಿಡುತ್ತಿರಲಿಲ್ಲ. ಕನ್ನಡಕ ತೆಗೆದು, ಸೆರಗಿನಿಂದ ನಿಧಾನವಾಗಿ ಒರೆಸಿ, ಮತ್ತೆ ಹಾಕಿಕೊಂಡು ಅದೇ ಸಾಲನ್ನು ಮತ್ತೆ ಓದುತ್ತಿದ್ದರು. ಆ ಒರೆಸುವಿಕೆ ಕಂಡರೆ ನಾನು ಗಡಿಯಾರ ನೋಡುತ್ತಿದ್ದೆ. ಒಮ್ಮೆ ಒರೆಸಿದರೆ ಒಂದು ಗಂಟೆ ಹೋಯಿತು, ಎರಡು ಸಲ ಒರೆಸಿದರೆ ಆ ದಿನವೇ ಹೋಯಿತು.

ನನಗೆ ಇನ್ನೂ ಸಿಟ್ಟು ತರಿಸುತ್ತಿದ್ದ ವಿಷಯ ಬೇರೆಯಿತ್ತು. ಈ ಹೆಂಗಸು ಕರ್ನಾಟಕದಲ್ಲಿ ಒಂದು ವರ್ಷವೂ ಇದ್ದವರಲ್ಲ. ಅಪ್ಪ ಧಾರವಾಡದ ಕಡೆಯಿಂದ ಗುಮಾಸ್ತಿಕೆಗೆ ಬಂದು ಇಲ್ಲೇ ನಿಂತರಂತೆ. ಮಗಳು ಹುಟ್ಟಿದ್ದು ಇಲ್ಲೇ, ಓದಿದ್ದು ಮರಾಠಿಯಲ್ಲಿ, ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದು ಯಾವುದೋ ಕಾರ್ಖಾನೆಯ ಕಚೇರಿಯಲ್ಲಿ. ಕನ್ನಡ ಅಕ್ಷರವನ್ನು ತಾಯಿ ಅಡುಗೆಮನೆಯ ನೆಲದ ಮೇಲೆ ಹಿಟ್ಟು ಹರಡಿ ಕಲಿಸಿದ್ದರಂತೆ. ನಾನು ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡಿದವಳು. ನನ್ನ ಕನ್ನಡವನ್ನು ತಿದ್ದಲು ಇವರು ಯಾರು?

ಮೊದಲ ಜಗಳ ಆಕಾಶದ ಮೇಲೇ ಆಯಿತು. ಚಾವಣಿಗೆ ಗಾಜು ಹಾಕಿದ ಒಂದು ಹೊಸ ಕಾರು ಬಂದಿತ್ತು. ಅದರ ಕೈಪಿಡಿಯ ಮೊದಲ ಪುಟದಲ್ಲಿ, ಕೂತಲ್ಲೇ ಆಕಾಶವನ್ನು ಆನಂದಿಸಿ ಎಂಬ ಅರ್ಥದ ಒಂದು ಸಾಲು. ನಾನು ಸ್ವಲ್ಪ ಚೆಂದ ಇರಲಿ ಅಂತ 'ಆಗಸವನ್ನು ಸವಿಯುತ್ತಾ ಸಾಗಿರಿ' ಅಂತ ಮಾಡಿದೆ. ಅವಸರದಲ್ಲಿ ಒಂದು ದೀರ್ಘ ಬಿಟ್ಟುಹೋಗಿ 'ಅಗಸವನ್ನು' ಅಂತ ಆಗಿತ್ತು.

ಕನ್ನಡಕ ಕೆಳಗಿಳಿಯಿತು. ಸೆರಗು ಮೇಲೆ ಬಂತು.

"ತಂಗೀ, ಅಗಸನ್ನ ಯಾಕ ಸವೀಬೇಕು? ಅಂವಾ ಪಾಪ ಬಟ್ಟಿ ಒಕ್ಕೋತ ನಿಂತಾನ."

"ಅಯ್ಯೋ, ದೀರ್ಘ ಬಿಟ್ಟುಹೋಗಿದೆ ಕಾಕು. ಆಗಸ."

"ಬರೇ ದೀರ್ಘ ಹಾಕಿದ್ರ ಆತೇನು? ಆಗಸಾ ಏನು ಪೇಢೇನ, ಸವೀಲಿಕ್ಕೆ?"

ಅಷ್ಟಕ್ಕೆ ಬಿಟ್ಟಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಅವರು ಬಿಡಲಿಲ್ಲ. ಆ ಸಾಲನ್ನು ನಾಲ್ಕು ದಿನ ಇಟ್ಟುಕೊಂಡು ಕೂತರು. ಆಗಸ ಅನ್ನುವುದು ಆಕಾಶವೇ ಸವೆದು ಆದ ಮಾತು, ಅದು ಹಾಡಿಗೆ ಸರಿ, ಕಾರಿಗಲ್ಲ. ಬಾನು ನಮ್ಮದೇ ಹಳೆಯ ಮಾತು, ಆದರೆ ಬಾನನ್ನು ನೋಡಿ ಅಂದರೆ ಡ್ರೈವರು ಗಲಿಬಿಲಿಯಾದಾನು. ಅಂಬರ ಅಂದರೆ ಬಟ್ಟೆ ಅಂತಲೂ ಆಗುತ್ತದೆ, ಮತ್ತೆ ಅಗಸನ ಹತ್ತಿರವೇ ಹೋದ ಹಾಗಾಯಿತು. ಇನ್ನು ಆಕಾಶ ಅಂದರೆ ಹೊಳೆಯುವುದು, ಕಾಣುವುದು ಅಂತ ಒಂದು ಅರ್ಥ. ಬರೀ ಖಾಲಿ ಜಾಗ ಅಂತ ಇನ್ನೊಂದು ಅರ್ಥ.

"ಈ ಚಹಾದ ಕಪ್ಪಿನಾಗೂ ಆಕಾಶ ಅದ" ಎಂದರು ಕಪ್ಪು ಎತ್ತಿ ಹಿಡಿದು.

"ಕಾಕು, ಇವತ್ತು ಸಂಜೆ ಐದಕ್ಕೆ ಕಳಿಸಬೇಕು."

"ಕಳಸೂಣು. ಇದನ್ನ ಕೇಳು. ಬೆಲಿ ಎಲ್ಲಿಗೆ ಏರತಾವ?"

"ಗಗನಕ್ಕೆ."

"ಏಣಿ ಎಲ್ಲಿಗೆ ಹಾಕ್ತಾರ?"

"ಆಕಾಶಕ್ಕೆ."

"ಕೂಗು ಏನು ಮುಟ್ಟತದ?"

"ಮುಗಿಲು" ಅಂದೆ ಹಲ್ಲು ಕಚ್ಚಿಕೊಂಡು.

"ಒಂದರ ಜಾಗಾಕ್ಕ ಇನ್ನೊಂದು ಹಾಕಿ ನೋಡು. ಗಗನಕ್ಕ ಏಣಿ ಹಾಕಿದ ಅಂದ್ರ ಯಾರರೆ ನಗ್ತಾರೇನು? ಮಾತಿಗೂ ಅದರದು ಅಂತ ಒಂದು ಖುರ್ಚಿ ಇರತದ ತಂಗೀ. ಎಬ್ಬಿಸಬಾರದು."

ಆಕಾಶ ನೋಡಲು ನೂಕುನುಗ್ಗಲು ಯಾಕೆ ಅನ್ನುತ್ತಾರೆ. ನಮ್ಮ ಆಫೀಸಿನಲ್ಲಿ ನೂಕುನುಗ್ಗಲೇ ಇತ್ತು. ನಾಲ್ಕನೇ ದಿನ ಅವರು ಕೆಂಪು ಶಾಯಿಯಲ್ಲಿ ಬರೆದುಕೊಟ್ಟ ಸಾಲು ಇದು: 'ಚಾವಣಿಯ ಗಾಜಿನಿಂದ ಆಕಾಶ ಕಾಣುತ್ತದೆ.' ಇಷ್ಟೇ. ಕಾರಿನ ಕಂಪನಿಯವರು ಓದಿ, ಇದರಲ್ಲಿ ಸಂತೋಷವೇ ಇಲ್ಲವಲ್ಲ ಅಂತ ವಾಪಸು ಕಳಿಸಿದರು. ಕಾಕು ಅದಕ್ಕೆ, "ಕಾರು ತೊಗೊಂಡವರಿಗೆ ಸಂತೋಷ ಆಗತದ, ಕಾಗದಕ್ಕ ಯಾಕ ಬೇಕು?" ಎಂದರು. ಮ್ಯಾನೇಜರು ಹಣೆ ಹಿಡಿದುಕೊಂಡು ಕೂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹೀಗೇ ಎರಡು ವರ್ಷ ನಡೆಯಿತು. ಕಾಕು ತಪ್ಪು ಹುಡುಕುತ್ತಾರೆ, ಕೆಲಸ ನಿಲ್ಲುತ್ತದೆ, ಬೈಗುಳ ನನಗೆ ಬೀಳುತ್ತದೆ. ಕೊನೆಗೆ ಮ್ಯಾನೇಜರೇ ಒಂದು ದಾರಿ ಹೇಳಿದರು. ಸಣ್ಣ ಪುಟ್ಟ ಕಾಗದಗಳನ್ನು ಕಾಕುವಿಗೆ ತೋರಿಸದೆ ನೇರ ಕಳಿಸಿಬಿಡುವುದು. ನನಗೆ ಸ್ವರ್ಗವೇ ಸಿಕ್ಕಿದ ಹಾಗಾಯಿತು.

ಹಾಗೆ ನೇರ ಹೋದ ಕಾಗದಗಳಲ್ಲಿ ಒಬ್ಬ ಲಾರಿ ಚಾಲಕನ ಹೇಳಿಕೆಯೂ ಒಂದು. ಜಮಖಂಡಿ ಕಡೆಯ ಮನುಷ್ಯ. ಚಾಕಣದಿಂದ ಬಿಡಿಭಾಗ ಹೇರಿಕೊಂಡು ಕರ್ನಾಟಕದ ಕಡೆ ಹೊರಟಿದ್ದಾಗ ಕಾತ್ರಜದ ಘಾಟಿನಲ್ಲಿ, ಮಂಜಿನಲ್ಲಿ ನಿಂತಿದ್ದ ಒಂದು ಟೆಂಪೋಗೆ ಹಿಂದಿನಿಂದ ಗುದ್ದಿದ್ದ. ಜೀವ ಹೋಗಿರಲಿಲ್ಲ, ಟೆಂಪೋದವನ ಕಾಲು ಮುರಿದಿತ್ತು. ಲಾರಿ ಕಂಪನಿಯವರು ವಿಚಾರಣೆ ಇಟ್ಟುಕೊಂಡಿದ್ದರು. ಕೈಬರಹದಲ್ಲಿ ಎರಡು ಪುಟ ಅವನೇ ಬರೆದುಕೊಟ್ಟಿದ್ದ, ಅದು ಇಂಗ್ಲಿಷಿಗೆ ಆಗಬೇಕಿತ್ತು. ಮಧ್ಯದಲ್ಲಿ ಒಂದು ಸಾಲು ಹೀಗಿತ್ತು: 'ಘಾಟ ಏರುಮುಂದ ಮುಗಿಲು ಚೊಲೋತ್ನಾಗಿ ಕಾಣತಿತ್ತು. ಬೋಗದಾ ದಾಟಿ ಇಳಿಯೂದ್ರಾಗ ಒಮ್ಮಿಗೇ ಮಂಜು ಕವೀತು.'

ಬೋಗದಾ ಅಂದರೆ ಸುರಂಗ, ಅದು ಗೊತ್ತಿತ್ತು. ಚೊಲೋತ್ನಾಗಿ ಅಂದರೆ ಚೆನ್ನಾಗಿ, ಅದೂ ಗೊತ್ತಿತ್ತು. ಮುಗಿಲು ಅಂದರೆ ಮೋಡ, ಅದರಲ್ಲಿ ಅನುಮಾನವೇ ಬರಲಿಲ್ಲ. ಘಾಟು ಏರುವಾಗ ಮೋಡಗಳು ಸ್ಪಷ್ಟವಾಗಿ ಕಾಣುತ್ತಿದ್ದವು ಅಂತ ಒಳ್ಳೆಯ ಇಂಗ್ಲಿಷಿನಲ್ಲಿ ಬರೆದು ಅರ್ಧ ಗಂಟೆಯಲ್ಲಿ ಕಳಿಸಿದೆ. ಆ ದಿನ ಮನೆಗೆ ಬೇಗ ಹೋದೆ.

ಹತ್ತು ದಿನ ಕಳೆದಿರಬೇಕು. ಊಟದ ಹೊತ್ತಿನಲ್ಲಿ ಕಾಕುವಿಗೆ ಒಂದು ಚಾಳಿ. ಭಕ್ಕರಿ, ಶೇಂಗಾ ಚಟ್ನಿಯ ಡಬ್ಬಿ ಪಕ್ಕಕ್ಕಿಟ್ಟುಕೊಂಡು, ಕಳಿಸಿ ಆದ ಕಾಗದಗಳ ಪ್ರತಿಗಳನ್ನೂ ಓದುತ್ತಿದ್ದರು. ಹೆಣ ಹೂತ ಮೇಲೆ ನಾಡಿ ಹಿಡಿಯುವ ಕೆಲಸ ಅಂತ ನಾವು ಹಿಂದಿನಿಂದ ನಗುತ್ತಿದ್ದೆವು. ಅಂದು ಕನ್ನಡಕ ಮೂರು ಸಲ ಕೆಳಗಿಳಿಯಿತು.

"ಇದು ಯಾರು ಮಾಡಿದ್ದು?"

"ನಾನು ಕಾಕು."

"ಮುಗಿಲಿಗೆ ಮೋಡ ಅಂತ ಮಾಡೀದಿ."

"ಹೌದು. ಮುಗಿಲು ಅಂದ್ರೆ ಮೋಡ ತಾನೇ? ಹಳಗನ್ನಡದಿಂದಲೂ ಹಾಗೇ ಇದೆ. ಬೇಕಾದ್ರೆ ಡಿಕ್ಷನರಿ ನೋಡಿ."

"ಡಿಕ್ಷನರಿ ಲಾರಿ ಹೊಡೀತಿತ್ತೇನು?"

ಪ್ರತಿಯನ್ನು ನನ್ನ ಕಡೆ ತಿರುಗಿಸಿ ಆ ಸಾಲಿನ ಮೇಲೆ ಬೆರಳಿಟ್ಟರು.

"ನಮ್ಮ ಕಡೆ ಮುಗಿಲು ಅಂದ್ರ ಆಕಾಶ. ಮೋಡಕ್ಕ ಮಾಡ ಅಂತೀವಿ. ಮುಗಿಲು ಚೊಲೋ ಕಾಣತಿತ್ತು ಅಂದ್ರ ಹವಾ ಸ್ವಚ್ಛ ಇತ್ತು ಅಂತ ಅರ್ಥ. ನೀ ಎಲ್ಲಾ ಉಲ್ಟಾ ಮಾಡೀದಿ. ಅಲ್ಲ, ಕೂಗು ಮುಗಿಲು ಮುಟ್ಟಿತು ಅಂತ ನೀನೂ ಅಂತಿ. ಅದು ಮೋಡಾ ಮುಟ್ಟಿ ಅಲ್ಲೇ ನಿಂದರತದೇನು?"

ತಪ್ಪು ಗೊತ್ತಾಯಿತು. ಆದರೆ ಆಗ ನನಗೆ ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ಒಂದು ಶಬ್ದ. ಎರಡು ಪುಟದ ಹೇಳಿಕೆಯಲ್ಲಿ ಒಂದು ಶಬ್ದ. ಯಾರು ಅದನ್ನು ಇಷ್ಟು ಓದುತ್ತಾರೆ?

ಓದಿದ್ದರು. ಕಾಕು ಅಲ್ಲೇ ಲಾರಿ ಕಂಪನಿಗೆ ಫೋನು ಹಚ್ಚಿ ಮರಾಠಿಯಲ್ಲಿ ವಿಚಾರಿಸಿದರು. ಘಾಟಿಗೆ ಮುಂಚೆ ಹವೆ ಕೆಟ್ಟದ್ದು ಕಂಡರೆ ಚಾಲಕ ಕಾತ್ರಜದಲ್ಲೇ ಲಾರಿ ನಿಲ್ಲಿಸಿ ಕಂಪನಿಗೆ ತಿಳಿಸಬೇಕು ಅಂತ ಅವರ ನಿಯಮ. ಮೋಡ ಸ್ಪಷ್ಟವಾಗಿ ಕಾಣುತ್ತಿತ್ತು ಅಂತ ಅವನೇ ಒಪ್ಪಿಕೊಂಡಿದ್ದಾನಲ್ಲ! ಬೇಕೆಂದೇ ನಿಯಮ ಮುರಿದಿದ್ದಾನೆ ಅಂತ ಅವನನ್ನು ಕೆಲಸ ನಿಲ್ಲಿಸಿ ಮನೆಯಲ್ಲಿ ಕೂರಿಸಿದ್ದರು. ಮುಂದಿನ ವಾರ ಕಮಿಟಿ ಕೂತು, ತೆಗೆದುಹಾಕುವ ತೀರ್ಮಾನ ಆಗುವುದಿತ್ತು.

ಈಗ ನಾನು ಕಂಪ್ಯೂಟರಿನಲ್ಲಿ ಆ ಕಡತ ತೆರೆದೆ. ಬೇಗ ತಿದ್ದಿ ಕಳಿಸೋಣ ಅಂದೆ. ಅದಕ್ಕೂ ಕಾಕು ಬಿಡಲಿಲ್ಲ. ಮೊದಲು ಆ ಮನುಷ್ಯನನ್ನೇ ಕೇಳಬೇಕಂತೆ.

"ಕಾಕು, ನಿಮಗೇ ಗೊತ್ತಲ್ಲ ಅರ್ಥ!"

"ನನಗ ಗೊತ್ತದ. ಅಂವಗ ಏನು ಗೊತ್ತದ ಅಂತ ನನಗ ಹ್ಯಾಂಗ ಗೊತ್ತು?"

ಹೇಳಿಕೆಯ ಕೆಳಗೆ ಅವನ ನಂಬರಿತ್ತು. ಫೋನು ಮಾಡಿ ಸ್ಪೀಕರಿಗೆ ಹಾಕಿದರು. ಅವನು ಊರಿನಲ್ಲಿದ್ದ. ಯಾಕೆ ಕೇಳುತ್ತಿದ್ದೇವೆ ಅಂತ ಹೇಳಬಾರದು ಅಂತ ನನಗೆ ಕೈಸನ್ನೆ ಮಾಡಿದರು. ಹೇಳಿದರೆ ಉತ್ತರ ನಾವೇ ಕಲಿಸಿಕೊಟ್ಟ ಹಾಗಾಗುತ್ತದಂತೆ.

"ಏನ್ರಿ, ನಿಮ್ಮ ಕಡೆ ಮುಗಿಲು ಅಂದ್ರ ಏನ್ರಿ?"

ಕೆಲಸ ಕಳೆದುಕೊಂಡು ಕೂತವನಿಗೆ ಪುಣೆಯಿಂದ ಯಾರೋ ಹೆಂಗಸು ಫೋನು ಮಾಡಿ ಇದನ್ನು ಕೇಳಿದರೆ ಅವನೇನು ಹೇಳಬೇಕು?

"ಮುಗಿಲು ಅಂದ್ರ... ಮುಗಿಲ್ರಿ ಅಕ್ಕಾರ. ಮ್ಯಾಲ ಇರತದಲ್ರಿ, ಅದು."

"ಬಣ್ಣಾ ಹ್ಯಾಂಗ ಇರತದ?"

"ನೀಲಿ ಇರತದ್ರಿ."

"ಮತ್ತ ಕರ್ರಗ ಬಂದು ಮಳಿ ಸುರಸ್ತದಲ್ಲ, ಅದಕ್ಕೇನಂತೀರಿ?"

"ಅದು ಮಾಡ ರೀ. ಅಕ್ಕಾರ, ನೀವು ಯಾವ ಆಫೀಸಿನವರ್ರಿ?"

"ಕಾಗದದ ಆಫೀಸು" ಅಂತ ಹೇಳಿ ಫೋನು ಇಟ್ಟರು. ಅವನ ಮಾತನ್ನು ಅವನು ಆಡಿದ ಹಾಗೇ, ರೀ ಸಮೇತ ಬರೆದುಕೊಂಡರು.

ಮರುದಿನ ನನ್ನನ್ನು ಎಳೆದುಕೊಂಡು ಬಸ್ಸಿನಲ್ಲಿ ಕಾತ್ರಜದ ಲಾರಿ ಕಂಪನಿಯ ಆಫೀಸಿಗೆ ಹೊರಟರು. ಕ್ಯಾಬು ಮಾಡೋಣ ಅಂದರೆ ಬೇಡವಂತೆ. ಲಾರಿ ಕಂಪನಿಯ ಅಧಿಕಾರಿ ಮರಾಠಿಯ ಮನುಷ್ಯ, ನಡುವಯಸ್ಸು, ಮೇಜಿನ ತುಂಬ ಕಾಗದ. ಒಂದೇ ಮಾತಿಗೆ ಎರಡು ಅರ್ಥ ಹೇಗಿರುತ್ತದೆ, ಕೆಲಸ ಹೋಗುತ್ತದೆ ಅಂತ ಚಾಲಕ ಈಗ ಅರ್ಥ ಬದಲಾಯಿಸಿದ್ದಾನೆ ಅಂತ ಮುಖ ಗಂಟಿಕ್ಕಿದ. ಕಾಕು ಬೇಜಾರು ಮಾಡಿಕೊಳ್ಳಲಿಲ್ಲ. ಮರಾಠಿಯಲ್ಲೇ ಕೇಳಿದರು.

"ಸಾಹೇಬ, ಬಟ್ಟೆ ಒಣಹಾಕಿರುವಾಗ ನಿಮ್ಮ ಮನೆಯಲ್ಲಿ 'ಆಭಾಳ ಆಲಂಯ' ಅಂದರೆ ಏನು ಬಂತು ಅಂತ ಅರ್ಥ?"

"ಮೋಡ ಬಂತು."

"ಕಷ್ಟ ಬಂದಾಗ 'ಆಭಾಳ ಕೋಸಳಲಂ' ಅಂದರೆ ಏನು ಕುಸಿಯಿತು? ಮೋಡವೋ?"

ಅಧಿಕಾರಿ ಪೆನ್ನು ಕೆಳಗಿಟ್ಟ. "ಆಕಾಶ" ಅಂದ. ಆಮೇಲೆ ನಕ್ಕ. "ಖರಂ ಆಹೇ, ನಿಜ ನಿಮ್ಮ ಮಾತು. ಇದನ್ನು ನಾನು ಯೋಚನೆಯೇ ಮಾಡಿರಲಿಲ್ಲ."

ಮೂರೇ ನಿಮಿಷದಲ್ಲಿ ಕೆಲಸ ಆಗಿತ್ತು. ಎದ್ದು ಬರಬಹುದಿತ್ತು. ಕಾಕು ಏಳಲಿಲ್ಲ. ಆಭಾಳ ಅನ್ನುವುದು ಅಭ್ರದಿಂದ ಬಂದದ್ದು, ಅಭ್ರ ಅಂದರೆ ಮೋಡವೇ ಅಂತ ಶುರು ಮಾಡಿದರು. ನೀವೆಲ್ಲ ದೊಡ್ಡದು ಅನ್ನುವ ಇಂಗ್ಲಿಷಿನ ಸ್ಕೈ ಕೂಡ ಉತ್ತರದ ಸಮುದ್ರದ ಕಡೆಯ ಜನ ಮೋಡಕ್ಕೆ ಹೇಳುತ್ತಿದ್ದ ಮಾತು, ಆಮೇಲೆ ಅದು ಆಕಾಶವಾಯಿತು ಅಂದರು. ಮೇಲೆ ನೋಡಿದವನಿಗೆ ಮೊದಲು ಕಣ್ಣಿಗೆ ಬೀಳುವುದು ಮೋಡ, ಅದರ ಹೆಸರನ್ನೇ ಅದರ ಹಿಂದಿನದಕ್ಕೂ ಕೊಡುತ್ತಾನೆ, ಎಲ್ಲ ಕಡೆಯ ಮನುಷ್ಯರೂ ಹೀಗೇ ಸೋಮಾರಿಗಳು ಅಂದರು. ಅಧಿಕಾರಿಯ ಫೋನು ಎರಡು ಸಲ ರಿಂಗಾಯಿತು. ಅವನ ನಗು ಮೆಲ್ಲಗೆ ಒಣಗುತ್ತಿತ್ತು. ಎಲ್ಲಿ ಮನಸ್ಸು ಬದಲಾಯಿಸುತ್ತಾನೋ ಅಂತ ನಾನು ಮೇಜಿನ ಕೆಳಗೆ ಕಾಕುವಿನ ಬೂಟನ್ನು ಒದ್ದೆ. "ಯಾಕ ಒದೀತಿ?" ಅಂತ ಗಟ್ಟಿಯಾಗಿ ಕೇಳಿದರು.

ಅಧಿಕಾರಿ ಒಂದು ಷರತ್ತು ಹಾಕಿದ. ತಪ್ಪು ಅನುವಾದದ್ದೇ ಅಂತ ನಮ್ಮ ಆಫೀಸಿನಿಂದ ಲಿಖಿತವಾಗಿ ಬರಬೇಕು.

ಮ್ಯಾನೇಜರು, ಟೈಪಿಂಗಿನಲ್ಲಿ ಆದ ತಪ್ಪು ಅಂತ ಬರೆದುಬಿಡಿ, ಮುಗಿಯಿತು ಅಂದರು. ನನಗೂ ಅದೇ ಬೇಕಿತ್ತು. ಕಾಕು ಕಾಗದವನ್ನು ನನ್ನ ಮುಂದಕ್ಕೆ ತಳ್ಳಿದರು.

"ಟೈಪಿನ ತಪ್ಪಲ್ಲ ಇದು. ಓದಿನ ತಪ್ಪು. ಹಾಂಗs ಬರಿ. ಸಹಿ ನಿಂದು."

"ನನ್ನ ಕೆಲಸ ಹೋದರೆ ಕಾಕು?"

"ಅಂವಂದು ಹೋಗೇದ."

ನಾನು ಬಾತ್‌ರೂಮಿಗೆ ಹೋಗಿ ಅತ್ತೆ. ತಪ್ಪಿಗಾಗಿ ಅಲ್ಲ, ಅವರ ಮೇಲಿನ ಸಿಟ್ಟಿಗೆ. ಬಂದು ಬರೆದೆ: 'ಈ ಶಬ್ದಕ್ಕೆ ಹೇಳಿಕೆ ಕೊಟ್ಟವರ ಭಾಷೆಯಲ್ಲಿರುವ ಅರ್ಥ ನನಗೆ ತಿಳಿದಿರಲಿಲ್ಲ. ಕೇಳಲೂ ಇಲ್ಲ.' ಎರಡನೆಯ ವಾಕ್ಯ ಅವರು ಸೇರಿಸಿದ್ದು.

ನನ್ನ ಕೆಲಸ ಹೋಗಲಿಲ್ಲ. ಆದರೆ ಆ ಲಾರಿ ಕಂಪನಿಯ ಕಾಗದಗಳು ನಮ್ಮಲ್ಲಿಗೆ ಬರುವುದು ನಿಂತಿತು. ಮ್ಯಾನೇಜರು ಎರಡು ವಾರ ನನ್ನೊಂದಿಗೆ ಮಾತು ಬಿಟ್ಟರು. ಕಾಕುವಿಗೆ ಮಾತ್ರ, ಇನ್ನು ನೀವು ಮನೆಯಲ್ಲಿ ಆರಾಮ ಮಾಡಿ ಅಂತ ಆ ವರ್ಷದ ಕೊನೆಗೆ ಹೇಳಿಬಿಟ್ಟರು. ಅವರು ಹೋದ ದಿನ ಬೀಳ್ಕೊಡುಗೆ ಅಂತ ಏನೂ ಇರಲಿಲ್ಲ. ಡಬ್ಬಿ ಚೀಲಕ್ಕೆ ಹಾಕಿಕೊಂಡು, ಇಳಿಯುವಾಗ ಬಾಗಿಲ ಮೇಲಿನ ನಮ್ಮ ಹೊಸ ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಿದೆ ಅಂತ ತೋರಿಸಿ ಹೋದರು. ಮರುದಿನ ಬೆಳಿಗ್ಗೆ ಕಾಗದಗಳೆಲ್ಲ ಸರಸರ ಹೋದವು. ನನಗೆ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ಲಾರಿಯವನ ಸಂಗತಿ ಇನ್ನೂ ಸ್ವಲ್ಪ ಇದೆ, ಕಾಕು ಆಫೀಸಿನಲ್ಲಿದ್ದಾಗಿನದೇ. ಕಮಿಟಿ ಕೂತು, ತಪ್ಪು ಅವನದಲ್ಲ, ಸೋಮವಾರದಿಂದ ಕೆಲಸಕ್ಕೆ ಬರಲಿ ಅಂತ ತೀರ್ಮಾನವಾದದ್ದನ್ನು ಅಧಿಕಾರಿ ಕಾಕುವಿಗೆ ಫೋನಿನಲ್ಲಿ ತಿಳಿಸಿದ್ದ. ಅದನ್ನು ಆ ಮನುಷ್ಯನಿಗೆ ಹೇಳುವ ಕೆಲಸ ಕಂಪನಿಯದು. ಕಾಕು ಮಾತ್ರ ಫೋನನ್ನು ನನ್ನ ಕೈಗೆ ಕೊಟ್ಟರು.

"ಕಂಪನಿಯವ್ರು ಅಂವಗ ಬಾ ಅಂತ ಹೇಳ್ತಾರ. ಯಾಕ ಕೂಡಿಸಿದ್ರು ಅಂತ ಹೇಳಂಗಿಲ್ಲ. ಅದನ್ನ ನೀ ಹೇಳು."

"ಈಗ ಅದೆಲ್ಲ ಯಾಕೆ ಕಾಕು? ಎಲ್ಲಾ ಸರಿಹೋಯ್ತಲ್ಲ."

ಅವರು ಫೋನನ್ನು ವಾಪಸು ತೆಗೆದುಕೊಂಡರು. ನಂಬರು ಒತ್ತಿ, ಸ್ಪೀಕರು ಹಾಕಿ, ಕೈಕಟ್ಟಿ ಕೂತರು.

ಅವನು ಎತ್ತಿದ. ಸೋಮವಾರ ಬರಬೇಕಂತೆ ಅಂದೆ. ಆ ಕಡೆಯಿಂದ ಯಾರನ್ನೋ ಕೂಗಿ ಸುದ್ದಿ ಹೇಳಿದ್ದು ಕೇಳಿಸಿತು, ಒಂದು ಹೆಂಗಸಿನ ದನಿ, ಪಾತ್ರೆಯ ಸದ್ದು. ಅಷ್ಟಕ್ಕೇ ಇಟ್ಟುಬಿಡಬಹುದಿತ್ತು. ಕಾಕು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಇನ್ನೊಂದು ವಿಷಯ" ಅಂದೆ. "ನೀವು ಬರೆದುಕೊಟ್ಟಿದ್ದು ಸರಿಯಾಗೇ ಇತ್ತು. ಇಂಗ್ಲಿಷಿಗೆ ಮಾಡಿದ್ದು ನಾನು. ಮುಗಿಲು ಅಂತ ನೀವು ಬರೆದಿದ್ದನ್ನ ನಾನು ಮೋಡ ಅಂತ ಓದಿಕೊಂಡೆ. ಅದಕ್ಕೇ ನಿಮ್ಮನ್ನ ಕೂರಿಸಿದ್ದು. ತಪ್ಪು ನನ್ನದು."

ಬೈಯುತ್ತಾನೆ ಅಂದುಕೊಂಡೆ, ಬೈದರೆ ಹಗುರಾಗುತ್ತಿತ್ತು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳುತ್ತಿದ್ದ.

"ಅಲ್ಲ ಅಕ್ಕಾರ, ನಾ ಕನ್ನಡದಾಗs ಬರದಿದ್ದೆ. ನೀವು ಕನ್ನಡದಾರ ಅಲ್ಲೇನ್ರಿ?"

ಕಾಕು ನನ್ನ ಕಡೆ ನೋಡಿದರು. ಆ ಒಂದು ಸಲ ಅವರೂ ಏನೂ ತಿದ್ದಲಿಲ್ಲ.

"ಹೌದ್ರಿ" ಅಂದೆ.